ಜಾವಾದ ಹೊಗೆ, ಮಂಡ್ಯದ ಕಬ್ಬು

ಇ-20 ಪೆಟ್ರೋಲ್ ಬಗ್ಗೆ ಕಾರ್ಯಕ್ರಮ ಮಾಡಿದಾಗಲೆಲ್ಲ ಒಂದು ಪ್ರಶ್ನೆ ತಪ್ಪದೆ ಬರುತ್ತದೆ. ಕೇಳುವವರು ಹೊಸ ಕಾರಿನವರಲ್ಲ. ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ ಕಡೆಯವರು, ಅರವತ್ತು ದಾಟಿದವರು. "ಸಾರ್, ನಮ್ಮನೇಲಿ ಒಂದು ಹಳೇ ಜಾವಾ ಐತೆ, ಈ ಪೆಟ್ರೋಲ್ ಹಾಕಬೌದಾ?" ಇನ್ನೊಬ್ಬರು ಜಾವಾ ಬದಲು ಯೆಜ್ಡಿ ಅನ್ನುತ್ತಾರೆ. ಕೇಳುವ ದನಿಯಲ್ಲಿ ಗಾಡಿಯ ಆತಂಕಕ್ಕಿಂತ ಮನೆಯ ಹಿರಿಯರ ಆರೋಗ್ಯದ ಆತಂಕ ಇರುತ್ತದೆ. ಈ ಪ್ರಶ್ನೆಗೆ ಟಿವಿಯಲ್ಲಿ ಮೂವತ್ತು ಸೆಕೆಂಡಿನಲ್ಲಿ ಉತ್ತರ ಹೇಳಿದರೆ ಅದು ಮೋಸ. ಇಲ್ಲಿ ಪೂರ್ತಿಯಾಗಿ ಹೇಳುತ್ತೇನೆ.

ಮೊದಲು ಒಂದು ಮಾತು. ಅಮೆರಿಕದಲ್ಲಿ ಈ ವಯಸ್ಸಿನವರನ್ನು ಮಾತಾಡಿಸಿದರೆ ಅವರು ಮಸಲ್ ಕಾರ್ ನೆನೆಸಿಕೊಳ್ಳುತ್ತಾರೆ. 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಓ, ಅದೇ ವರ್ಷದ ಏಪ್ರಿಲ್‌ನಲ್ಲಿ ಬಂದ ಫೋರ್ಡ್ ಮಸ್ಟಾಂಗ್. ಆ ಜಿಟಿಓ ಎಂಜಿನ್ ಸುಮಾರು 6,400 ಸಿಸಿ. ಬೇಕೆಂದವರಿಗೆ ಒಂದಲ್ಲ, ಮೂರು ಕಾರ್ಬೊರೇಟರ್ ಕೂರಿಸಿ ಕೊಡುತ್ತಿದ್ದರು. ಅದೇ ಹೊತ್ತಿಗೆ ನಮ್ಮ ಮೈಸೂರಿನ ಯಾದವಗಿರಿಯಿಂದ 250 ಸಿಸಿಯ ಒಂದು ಬೈಕು ಹೊರಗೆ ಬರುತ್ತಿತ್ತು. ಅವರ ಒಂದು ಕಾರಿನ ಹೊಟ್ಟೆಯಲ್ಲಿ ನಮ್ಮ ಇಪ್ಪತ್ತೈದು ಬೈಕು ಹಿಡಿಸುತ್ತವೆ. ಆದರೆ ಆ ಊರಿನ ಹುಡುಗರಿಗೆ ಮಸ್ಟಾಂಗ್ ಏನಾಗಿತ್ತೋ ಈ ಸೀಮೆಯ ಹುಡುಗರಿಗೆ ಜಾವಾ ಅದೇ ಆಗಿತ್ತು.

ಐಡಿಯಲ್ ಜಾವಾ ಕಂಪನಿ ಶುರುವಾಗಿದ್ದು 1960ರಲ್ಲಿ. ಮಾಡಿದವರು ಪಾರ್ಸಿ ಸಮುದಾಯದ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ. ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರ ಬೆಂಬಲ ಇತ್ತು. ತಂತ್ರಜ್ಞಾನ ಬಂದಿದ್ದು ಚೆಕೊಸ್ಲೊವಾಕಿಯಾದಿಂದ. ಜಾವಾ ಅನ್ನೋ ಹೆಸರಿಗೂ ಇಂಡೋನೇಷ್ಯಾದ ದ್ವೀಪಕ್ಕೂ ಸಂಬಂಧ ಇಲ್ಲ. ಜಾನೆಚೆಕ್ ಅನ್ನೋ ಚೆಕ್ ಉದ್ಯಮಿ 1929ರಲ್ಲಿ ವಾಂಡರರ್ ಅನ್ನೋ ಜರ್ಮನ್ ಕಂಪನಿಯ ಬೈಕ್ ವಿಭಾಗ ಕೊಂಡುಕೊಂಡ. ಅವನ ಹೆಸರಿನ 'ಜಾ', ಅದರ ಹೆಸರಿನ 'ವಾ'. ಅಷ್ಟೇ. ಎಪ್ಪತ್ತರ ದಶಕದಲ್ಲಿ ಚೆಕ್‌ನವರ ಹೆಸರು ಬಿಟ್ಟು ಯೆಜ್ಡಿ ಅಂತ ಇಟ್ಟರು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರು ಅದು. ಆಮೇಲೆ ರೋಡ್‌ಕಿಂಗ್ ಬಂತು, 350 ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು.

ಈಗ ಬೆಳಗೊಳದ ಕಡೆಯಿಂದ ನೋಡಿ. ಯಾದವಗಿರಿಯಿಂದ ಕೆಆರ್‌ಎಸ್ ರಸ್ತೆ ಹಿಡಿದರೆ ಮೇಟಗಳ್ಳಿ, ಅಲ್ಲಿ ವಿಕ್ರಾಂತ್ ಟೈರ್ಸ್. ಇನ್ನೂ ಮುಂದೆ ಬಂದರೆ ಬೆಳಗೊಳ. ಅಲ್ಲಿ ಮಂಡ್ಯ ನ್ಯಾಷನಲ್ ಪೇಪರ್ ಮಿಲ್ ಇತ್ತು. ಅದೂ ಮುಚ್ಚಿತು, ಆ ಕಥೆ ಇನ್ನೊಂದು ದಿನ. ಒಂದು ಕಾಲದಲ್ಲಿ ಈ ಒಂದೇ ರಸ್ತೆಯ ಮೇಲೆ ಬೈಕು ತಯಾರಾಗುತ್ತಿತ್ತು, ಟೈರು ತಯಾರಾಗುತ್ತಿತ್ತು, ಕಾಗದ ತಯಾರಾಗುತ್ತಿತ್ತು. ಗದ್ದೆ ಬಯಲಿನ ಹುಡುಗನೊಬ್ಬ ಕಾರ್ಖಾನೆಗೆ ಸೇರಿ, ಸಂಬಳ ಕೂಡಿಟ್ಟು, ಪಕ್ಕದ ಊರಲ್ಲೇ ತಯಾರಾದ ಬೈಕನ್ನು ತಗೊಂಡು ಬಲಮುರಿಗೆ ಹೋಗಿ ನಿಲ್ಲಿಸುವುದು ಅಂದರೆ ಏನು ಅಂತ ಯೋಚನೆ ಮಾಡಿ. ಇವತ್ತು ಹಳೇ ಜಾವಾ ಅಂದ ಕೂಡಲೇ ಇವರ ಕಣ್ಣು ತುಂಬುತ್ತದಲ್ಲ, ಅದರಲ್ಲಿ ಬೈಕಿನ ಪಾಲು ಅರ್ಧ. ಇನ್ನರ್ಧ ಆ ರಸ್ತೆಯದು.

ಬೈಕಿನ ಪಾಲು ಏನು ಅಂತ ಹೇಳಬೇಕಾದರೆ ಕಾರ್ಬೊರೇಟರ್ ಬಿಚ್ಚಲೇಬೇಕು. ನಾವು ಇಂಜಿನಿಯರಿಂಗ್ ಓದುವಾಗ 'ಸರಳ ಕಾರ್ಬೊರೇಟರಿನ ಚಿತ್ರ ಬರೆದು ವಿವರಿಸಿ' ಅನ್ನೋದು ಗ್ಯಾರಂಟಿ ಪ್ರಶ್ನೆ. ಚಿತ್ರ ಬರೆದ ಬಹಳ ಜನ ಅದನ್ನು ಕೈಯಲ್ಲಿ ಮುಟ್ಟಿರಲಿಲ್ಲ, ಮಾತು ಬೇರೆ.

ಹಿಂದೆ ಸೊಳ್ಳೆಗೆ ಹೊಡೆಯುವ ಫ್ಲಿಟ್ ಪಂಪು ಇತ್ತಲ್ಲ, ಕೈಯಲ್ಲಿ ಒತ್ತಿದರೆ ಡಬ್ಬದ ಔಷಧಿ ತುಂತುರಾಗಿ ಬರುತ್ತಿತ್ತು. ಕಾರ್ಬೊರೇಟರ್ ಮೂಲತಃ ಅದೇ. ಪಿಸ್ಟನ್ ಎಳೆದುಕೊಳ್ಳುವ ಗಾಳಿ ಒಂದು ಕೊಳವೆಯಲ್ಲಿ ಬರುತ್ತದೆ. ಆ ಕೊಳವೆಯ ನಡುವೆ ಸೊಂಟ ಸಣ್ಣ ಮಾಡಿರುತ್ತಾರೆ. ಸಣ್ಣ ಜಾಗದಲ್ಲಿ ಗಾಳಿ ಜೋರಾಗಿ ಓಡುತ್ತದೆ, ಜೋರಾಗಿ ಓಡುವ ಕಡೆ ಒತ್ತಡ ಕಡಿಮೆ. ಕೆಳಗೊಂದು ಬಟ್ಟಲು, ಅದರಲ್ಲಿ ಪೆಟ್ರೋಲು. ಬಟ್ಟಲಲ್ಲಿ ಪೆಟ್ರೋಲು ಒಂದೇ ಮಟ್ಟದಲ್ಲಿರಲಿ ಅಂತ ತೇಲುವ ಒಂದು ಫ್ಲೋಟು. ಮನೆ ಮೇಲಿನ ನೀರಿನ ಟ್ಯಾಂಕಿನ ಬಾಲ್ ವಾಲ್ವ್ ಹೇಗೋ ಹಾಗೆ. ಬಟ್ಟಲಿಂದ ಮೇಲಕ್ಕೆ ಸೂಜಿಗಾತ್ರದ ತೂತಿರುವ ಹಿತ್ತಾಳೆಯ ಜೆಟ್ಟು. ಮೇಲೆ ಒತ್ತಡ ಕಡಿಮೆಯಾದಾಗ ಪೆಟ್ರೋಲು ಆ ತೂತಿನಿಂದ ಚಿಮ್ಮಿ ಗಾಳಿಯಲ್ಲಿ ಬೆರೆಯುತ್ತದೆ. ಕರೆಂಟಿಲ್ಲ, ಸೆನ್ಸರಿಲ್ಲ, ಕಂಪ್ಯೂಟರಿಲ್ಲ. ಗಾಳಿ ಬಂದಷ್ಟು ಪೆಟ್ರೋಲು.

ಇದರ ಗುಣ ಇದೇ, ಇದರ ದೋಷವೂ ಇದೇ. ನಮ್ಮ ಅಜ್ಜಿಯರ ಪಾವು, ಸೇರು ನೆನಪಿಸಿಕೊಳ್ಳಿ. ಸೇರಿಗೆ ತನ್ನೊಳಗೆ ಅಕ್ಕಿ ಇದೆಯೋ ಕಡ್ಲೆಪುರಿ ಇದೆಯೋ ಗೊತ್ತಿಲ್ಲ. ತುಂಬಿದಷ್ಟು ಅಳೆದು ಕೊಡುತ್ತದೆ. ಕಾರ್ಬೊರೇಟರ್ ಒಂದು ಸೇರು. ಮೈಸೂರಲ್ಲಿ ಚೆನ್ನಾಗಿ ಓಡುತ್ತಿದ್ದ ಯೆಜ್ಡಿ ಊಟಿ ಘಾಟಿ ಹತ್ತುವಾಗ ಯಾಕೆ ಉಸಿರು ಕಟ್ಟಿದಂತೆ ಆಡುತ್ತಿತ್ತು? ಮೈಸೂರು ಇರುವುದು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಊಟಿ 2,200 ಮೀಟರಿಗೂ ಮೇಲೆ. ಅಲ್ಲಿ ಗಾಳಿ ತೆಳು. ಸೇರು ಮಾತ್ರ ಪೆಟ್ರೋಲನ್ನು ಮೈಸೂರಿನ ಲೆಕ್ಕದ ಹತ್ತಿರಕ್ಕೇ ಅಳೆಯುತ್ತಿತ್ತು. ಪೆಟ್ರೋಲು ಜಾಸ್ತಿ, ಗಾಳಿ ಕಡಿಮೆ, ಪ್ಲಗ್ ಕಪ್ಪು, ಗಾಡಿ ಮಂಕು. ಗೊತ್ತಿದ್ದವರು ಅಲ್ಲೇ ರಸ್ತೆ ಪಕ್ಕ ನಿಲ್ಲಿಸಿ, ಸೂಜಿಯ ಕ್ಲಿಪ್ಪನ್ನು ಒಂದು ಗೀರು ಬದಲಿಸಿ, ಮತ್ತೆ ಕಿಕ್ ಹೊಡೆದು ಹೊರಡುತ್ತಿದ್ದರು.

ನನ್ನ ಪ್ರಕಾರ ಜನ ನಿಜವಾಗಿ ನೆನೆಸಿಕೊಳ್ಳುವುದು ಈ ಕ್ಷಣವನ್ನು. ಸೌಂಡು ಸೌಂಡು ಅಂತಾರೆ. ಸೌಂಡು ಸರಿ, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರು, ಆ ಲಯವೇ ಬೇರೆ. ಕಿಕ್ಕರನ್ನೇ ಮಡಚಿ ಗೇರ್ ಲಿವರ್ ಮಾಡಿಕೊಳ್ಳುವುದು, ಗೇರ್ ಒತ್ತಿದರೆ ಕ್ಲಚ್ಚು ತಾನೇ ಬಿಡುವುದು, ಇವೆಲ್ಲ ಮೋಜೇ. ಆದರೆ ಅದಕ್ಕಿಂತ ದೊಡ್ಡದು, ಆ ಯಂತ್ರ ಅವರಿಗೆ ಅರ್ಥವಾಗುತ್ತಿತ್ತು. ಎಸ್ಸೆಸ್ಸೆಲ್ಸಿ ಫೇಲಾದವನಿಗೂ ಅರ್ಥವಾಗುತ್ತಿತ್ತು. ಒಂದು ಸ್ಕ್ರೂಡ್ರೈವರು, ಒಂದು ಪ್ಲಗ್ ಸ್ಪಾನರು, ಜೆಟ್ಟಿಗೆ ಊದುವುದಕ್ಕೆ ಸ್ವಂತ ಬಾಯಿ. ಪಾಂಡವಪುರದಲ್ಲೋ ಕೆ.ಆರ್. ಪೇಟೆಯಲ್ಲೋ ಒಂದು ಮರದ ಕೆಳಗೆ ಗ್ಯಾರೇಜು ಹಾಕಲು ಇಷ್ಟು ಸಾಕಾಗಿತ್ತು. ಇವತ್ತಿನ ಬೈಕು ನಿಂತರೆ ಮೆಕ್ಯಾನಿಕ್ ಮೊದಲು ಕೇಳುವುದು ಸ್ಕ್ಯಾನರ್. ಅದು ಇಲ್ಲದಿದ್ದರೆ ಎಂಜಿನ್ ತನಗೆ ಏನು ನೋವು ಅಂತ ಹೇಳುವುದೇ ಇಲ್ಲ.

ಹಾಗಂತ ಹಳೆಯದೆಲ್ಲ ಚಿನ್ನ ಅಂತ ಹೇಳುವ ಪೈಕಿ ನಾನಲ್ಲ. ಹೊಗೆಯ ವಿಷಯ ಮುಚ್ಚಿಡಬಾರದು.

ಜಾವಾ, ಯೆಜ್ಡಿ, ಆಮೇಲೆ ಬಂದ ರಾಜ್‌ದೂತ್ 350, ಆರ್‌ಎಕ್ಸ್ 100 ಇವೆಲ್ಲ ಟು-ಸ್ಟ್ರೋಕ್. ಈ ಎಂಜಿನ್ನಿನಲ್ಲಿ ಸುಟ್ಟ ಹೊಗೆಯನ್ನು ಹೊರಗೆ ತಳ್ಳುವ ಕೆಲಸ ಹೊಸದಾಗಿ ಒಳಗೆ ಬರುವ ಪೆಟ್ರೋಲ್-ಗಾಳಿಯದ್ದೇ. ಸ್ವಲ್ಪ ಹೊತ್ತು ಬರುವ ಬಾಗಿಲು, ಹೋಗುವ ಬಾಗಿಲು ಎರಡೂ ತೆರೆದೇ ಇರುತ್ತವೆ. ಆಗ ಬಂದವರಲ್ಲಿ ಕೆಲವರು ಊಟ ಮಾಡದೇ ಹಾಗೇ ಹಿಂಬಾಗಿಲಿಂದ ಎದ್ದು ಹೋಗುತ್ತಾರೆ. ಕಾಲು ಭಾಗ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಪೆಟ್ರೋಲು ಸುಡದೇ ಹೊರಗೆ. ಜೊತೆಗೆ ಎಂಜಿನ್ ಸವೆಯದಿರಲಿ ಅಂತ ಲೀಟರಿಗೆ ಇಷ್ಟು ಅಂತ ಪೆಟ್ರೋಲಿಗೇ ಬೆರೆಸಿದ ಆಯಿಲ್ಲು, ಅದೂ ಸುಟ್ಟು ಹೊಗೆ. ಆ ವಾಸನೆ ಮೂಗಿಗೆ ಹಿತ ಅನ್ನುವವರಿದ್ದಾರೆ. ಶ್ವಾಸಕೋಶವನ್ನು ಕೇಳಿದರೆ ಬೇರೆ ಉತ್ತರ ಬರುತ್ತದೆ.

ಅಮೆರಿಕದಲ್ಲೂ ಮಸಲ್ ಕಾರಿಗೆ ಇದೇ ಗತಿ. 1970ರ ಕ್ಲೀನ್ ಏರ್ ಕಾಯ್ದೆ ಬಂತು, 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲ ನಿಲ್ಲಿಸಿದವು, ಇನ್ಶೂರೆನ್ಸ್ ಏರಿತು. ನಾಲ್ಕೈದು ವರ್ಷದಲ್ಲಿ ಆಟ ಮುಗಿಯಿತು. ನಮ್ಮಲ್ಲಿ ಮೊದಲ ಏಟು ಕೊಟ್ಟಿದ್ದು ಮೈಲೇಜು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಫೋರ್ ಸ್ಟ್ರೋಕ್, ಲೀಟರಿಗೆ 80 ಕಿಲೋಮೀಟರ್ ಅಂತ ಜಾಹೀರಾತು. ಜಾವಾಕ್ಕೆ ಅದರಲ್ಲಿ ಅರ್ಧ ಬಂದರೆ ಪುಣ್ಯ. ಸಂಬಳದ ಮನುಷ್ಯ ಎಷ್ಟು ದಿನ ಪ್ರೀತಿ ಮಾಡ್ತಾನೆ ಹೇಳಿ? ಆಮೇಲೆ ಮಾಲಿನ್ಯದ ನಿಯಮಗಳು ಬಿಗಿಯಾದವು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂದ ಮೇಲಂತೂ ಬಹುತೇಕ ಹೊಸ ಬೈಕು, ಸ್ಕೂಟರುಗಳಲ್ಲಿ ಕಾರ್ಬೊರೇಟರ್ ಹೋಯಿತು. ಆ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್. ಸೇರು ಹೋಗಿ, ಪ್ರತಿ ತುತ್ತಿಗೂ ರುಚಿ ನೋಡಿ ಉಪ್ಪು ಹಾಕುವ ಅಡುಗೆಯವನು ಬಂದ. ಸೈಲೆನ್ಸರಿನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆ ನೋಡಿ ವರದಿ ಕೊಡುತ್ತದೆ, ಕಂಪ್ಯೂಟರ್ ಪೆಟ್ರೋಲಿನ ಅಳತೆ ತಿದ್ದುತ್ತದೆ.

ಹೆಸರು ಮಾತ್ರ ಸಾಯಲಿಲ್ಲ. 2018ರ ನವೆಂಬರಿನಲ್ಲಿ ಮಹೀಂದ್ರಾ ಬಂಡವಾಳದ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಜಾವಾ ಹೆಸರಲ್ಲಿ ಹೊಸ ಬೈಕು ತಂದಿತು. 2022ರ ಜನವರಿಯಲ್ಲಿ ಯೆಜ್ಡಿ. ನೋಡಲು ಹಳೆಯ ಮುಖ, ಒಳಗೆ ಫೋರ್ ಸ್ಟ್ರೋಕ್, ಇಂಜೆಕ್ಷನ್. ತಯಾರಾಗುವುದು ಮೈಸೂರಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಯೆಜ್ಡಿ ಹೆಸರು ಯಾರ ಆಸ್ತಿ ಅಂತ ಕರ್ನಾಟಕ ಹೈಕೋರ್ಟಿನಲ್ಲಿ ವರ್ಷಗಟ್ಟಲೆ ಜಗಳವೂ ನಡೆಯಿತು. ಮುಚ್ಚಿಹೋದ ಕಾರ್ಖಾನೆಯ ಹೆಸರಿಗೆ ಇಷ್ಟು ಬೆಲೆ ಇದೆ ಅಂತ ಆ ಕಾರ್ಖಾನೆಯ ಗೇಟಿನಿಂದ ಕೊನೆಯ ದಿನ ಹೊರಗೆ ಬಂದ ಕೆಲಸಗಾರನಿಗೆ ಯಾರಾದರೂ ಹೇಳಿದ್ದರೆ ನಗುತ್ತಿದ್ದನೋ ಅಳುತ್ತಿದ್ದನೋ.

ಈಗ ಪ್ರಶ್ನೆಗೆ ಬರುತ್ತೇನೆ. ಇ-20 ಅಂದರೆ ನೂರು ಪಾಲು ಇಂಧನದಲ್ಲಿ 20 ಪಾಲು ಎಥನಾಲ್. 2014ರಲ್ಲಿ ಇದು ಶೇ 1.5ರ ಆಸುಪಾಸಿನಲ್ಲಿತ್ತು, 2022ಕ್ಕೆ ಶೇ 10, 2025ಕ್ಕೆ ಶೇ 20. ಐಡಿಯಾ ಹೊಸದಲ್ಲ, ಪೆಟ್ರೋಲಿಗೆ ಮದ್ಯಸಾರ ಬೆರೆಸುವ ಬಗ್ಗೆ ಭಾರತದಲ್ಲಿ 1948ರಲ್ಲೇ ಪವರ್ ಆಲ್ಕೋಹಾಲ್ ಕಾಯ್ದೆ ಇತ್ತು. ಈ ಎಥನಾಲ್ ಎಲ್ಲಿಂದ ಬರುತ್ತದೆ? ಕಬ್ಬಿನಿಂದ, ಕಾಕಂಬಿಯಿಂದ, ಈಗ ಮುಸುಕಿನ ಜೋಳದಿಂದಲೂ. ಅಂದರೆ ಮಂಡ್ಯದ ರೈತನಿಗೆ ಇದು ದೂರದ ಸುದ್ದಿಯಲ್ಲ. ಸಕ್ಕರೆ ಕಾರ್ಖಾನೆಯವರು ಬಾಕಿ ಕೊಡಬೇಕಾದರೆ ಸಕ್ಕರೆ ಒಂದನ್ನೇ ನಂಬಿಕೊಂಡರೆ ಆಗಲ್ಲ, ಎಥನಾಲ್ ಮಾರಿದರೆ ದುಡ್ಡು ಬೇಗ ಬರುತ್ತದೆ ಅನ್ನೋದು ಯೋಜನೆಯ ವಾದ. ವಾದದಲ್ಲಿ ಹುರುಳಿದೆ. ಆದರೆ ಒಂದು ತಮಾಷೆ ನೋಡಿ. ವಿಶ್ವೇಶ್ವರಯ್ಯ ನಾಲೆಯ ನೀರಲ್ಲಿ ಬೆಳೆದ ಕಬ್ಬು ಅದೇ ನಾಲೆ ಏರಿಯ ಮೇಲೆ ಓಡುವ ಹಳೇ ಯೆಜ್ಡಿಯ ಟ್ಯಾಂಕಿಗೆ ವಾಪಸ್ ಬರುತ್ತಿದೆ. ಕಬ್ಬೂ ಅವನದೇ, ಯೆಜ್ಡಿಯೂ ಅವನದೇ.

ಟ್ಯಾಂಕಿಗೆ ಬಂದು ಏನು ಮಾಡುತ್ತದೆ? ಎಥನಾಲ್ ತನ್ನೊಳಗೇ ಆಕ್ಸಿಜನ್ ಇಟ್ಟುಕೊಂಡಿರುತ್ತದೆ. ಶುದ್ಧ ಪೆಟ್ರೋಲು ಒಂದು ಕೆಜಿ ಸುಡಲು 14.7 ಕೆಜಿ ಗಾಳಿ ಬೇಕು. ಎಥನಾಲಿಗೆ ಒಂಬತ್ತೇ ಕೆಜಿ ಸಾಕು. ಇ-20ಗೆ ಸುಮಾರು ಹದಿಮೂರೂವರೆ. ಹಾಗಾಗಿ ಅದೇ ಗಾಳಿಗೆ ಸುಮಾರು ಶೇ 9ರಷ್ಟು ಹೆಚ್ಚು ಇಂಧನ ಬೇಕು. ಹೊಸ ಬೈಕಿನ ಅಡುಗೆಯವನು ರುಚಿ ನೋಡಿ ಸರಿ ಮಾಡಿಕೊಳ್ಳುತ್ತಾನೆ. ನಮ್ಮ ಸೇರು? ಅದಕ್ಕೆ ಗೊತ್ತೇ ಆಗಲ್ಲ. ಹಳೇ ತೂತಿನಲ್ಲಿ ಹಳೇ ಅಳತೆ. ಮಿಶ್ರಣ ತೆಳುವಾಗುತ್ತದೆ. ಬೆಳಗ್ಗೆ ಸ್ಟಾರ್ಟ್ ತಡ, ಆಕ್ಸಿಲರೇಟರ್ ತಿರುಗಿಸಿದರೆ ಒಂದು ಕ್ಷಣ ತಡವರಿಕೆ, ದೂರದ ದಾರಿಯಲ್ಲಿ ಎಂಜಿನ್ ಹೆಚ್ಚು ಬಿಸಿ. ಟು-ಸ್ಟ್ರೋಕಿಗೆ ಈ ಬಿಸಿ ಒಳ್ಳೆಯದಲ್ಲ, ಪಿಸ್ಟನ್ ಕಚ್ಚಿಕೊಳ್ಳುವ ಭಯ ಇದ್ದೇ ಇದೆ.

ಹಾಗಂತ ವಾಟ್ಸಾಪಿನಲ್ಲಿ ಬಂದಂತೆ 'ಒಂದು ಟ್ಯಾಂಕ್ ಹಾಕಿದರೆ ಎಂಜಿನ್ ಖತಂ' ಅನ್ನುವುದು ಸುಳ್ಳು. ಎಥನಾಲ್ ಆವಿಯಾಗುವಾಗ ಒಳಬರುವ ಗಾಳಿಯನ್ನು ತಂಪು ಮಾಡುತ್ತದೆ, ಆಕ್ಟೇನ್ ಕೂಡ ಹೆಚ್ಚು, ಎಂಜಿನ್ ಕಟಕಟ ಅನ್ನುವುದು ಕಡಿಮೆ. ಅದು ಅಷ್ಟಕ್ಕಷ್ಟು ಸರಿದೂಗಿಸುತ್ತದೆ. ಮೈಲೇಜು ಬೀಳುವುದು ನಿಜ. ಎಥನಾಲಿನಲ್ಲಿ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ನೀತಿ ಆಯೋಗದ 2021ರ ವರದಿಯೇ ದ್ವಿಚಕ್ರ ವಾಹನಗಳಿಗೆ ಶೇ 3-4 ನಷ್ಟ ಅಂತ ಹೇಳಿತ್ತು. ಆದರೆ ಆ ಲೆಕ್ಕ ಶೇ 10 ಎಥನಾಲಿಗೆ ಹೊಂದಿಸಿದ ಎಂಜಿನ್ನಿನದು. 1970ರ, 80ರ ಜಾವಾ-ಯೆಜ್ಡಿ ಆ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ಎಂಜಿನ್ನಿಗಿಂತ ದೊಡ್ಡ ಕಾಟ ಟ್ಯಾಂಕು ಮತ್ತು ರಬ್ಬರಿನದು. ಎಥನಾಲ್ ಗಾಳಿಯ ತೇವ ಕುಡಿಯುತ್ತದೆ. ಹಳೇ ಗಾಡಿ ಓಡುವುದು ವಾರಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ. ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕು ನಿಂತೇ ಇದ್ದರೆ ತೇವ ಸೇರುತ್ತಾ ಹೋಗಿ, ಒಂದು ಮಿತಿ ದಾಟಿದ ಮೇಲೆ ನೀರು-ಎಥನಾಲ್ ಬೇರೆಯಾಗಿ ತಳಕ್ಕೆ ಇಳಿಯುತ್ತದೆ. ಪೆಟ್ರೋಲು, ಆಯಿಲ್ಲು ಮೇಲೆ. ಎಂಜಿನ್ನಿಗೆ ಹೋಗುವ ಪೈಪು ಇರುವುದು ತಳದಲ್ಲಿ. ಅಂದರೆ ಮೊದಲು ಎಂಜಿನ್ ಕುಡಿಯುವುದು ಆಯಿಲ್ ಇಲ್ಲದ ನೀರು! ಟು-ಸ್ಟ್ರೋಕಿಗೆ ಇದಕ್ಕಿಂತ ವಿಷ ಇಲ್ಲ. ಜೊತೆಗೆ ತಗಡಿನ ಟ್ಯಾಂಕಿಗೆ ತುಕ್ಕು. ಮೂವತ್ತು ವರ್ಷ ಅಂಟಿಕೊಂಡಿದ್ದ ಕೊಳೆಯನ್ನು ಎಥನಾಲ್ ಕರಗಿಸಿ ಕೆಳಗೆ ತರುತ್ತದೆ, ಜೆಟ್ಟು ಕಟ್ಟಿಕೊಳ್ಳುತ್ತದೆ. ಹಳೇ ಕಾಲದ ರಬ್ಬರ್ ವಾಷರು, ಪೈಪು ಊದಿಕೊಂಡು ಮೆತ್ತಗಾಗುತ್ತವೆ.

ಎಥನಾಲ್ ಇಲ್ಲದ ಪೆಟ್ರೋಲಿನ ಆಯ್ಕೆ ಕೊಡಿ ಅಂತ ಸುಪ್ರೀಂ ಕೋರ್ಟಿಗೆ ಹಾಕಿದ್ದ ಅರ್ಜಿ 2025ರ ಸೆಪ್ಟೆಂಬರ್ 1ರಂದು ವಜಾ ಆಯಿತು. ಇತ್ತ ಹಳೇ ಗಾಡಿಯ ನೋಂದಣಿ ನವೀಕರಣದ ಶುಲ್ಕವೂ ಏರಿದೆ, ಇಪ್ಪತ್ತು ವರ್ಷ ದಾಟಿದ ಬೈಕಿಗೆ ಈಗ 2,000 ರೂಪಾಯಿ. ಐವತ್ತು ವರ್ಷ ದಾಟಿ, ಮೂಲ ರೂಪದಲ್ಲೇ ಇಟ್ಟುಕೊಂಡಿದ್ದರೆ 2021ರ ನಿಯಮದಂತೆ 'ವಿಂಟೇಜ್' ಅಂತ ಬೇರೆ ನೋಂದಣಿ ಮಾಡಿಸಬಹುದು. ಅದಕ್ಕೆ 20,000 ರೂಪಾಯಿ, ಮತ್ತು ದಿನನಿತ್ಯ ಓಡಿಸುವ ಹಾಗಿಲ್ಲ. ಅಂದರೆ ಬೆಂಗಳೂರಿನ ಶೋಕಿಲಾಲನ ಗ್ಯಾರೇಜಿನಲ್ಲಿ ಪಾಲಿಶ್ ಹೊಡೆದು ನಿಲ್ಲಿಸಿದ ಜಾವಾ ಪರಂಪರೆ, ಬೆಳಗೊಳದ ರೈತ ಹಾಲಿನ ಕ್ಯಾನು ನೇತುಹಾಕಿಕೊಂಡು ಡೇರಿಗೆ ಓಡಿಸುವ ಅದೇ ಜಾವಾ ಗುಜರಿ. ಇದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಹಳೇ ಗಾಡಿ ಬೇಡ ಅನ್ನಲು ಮಾಲಿನ್ಯ ಒಂದು ಕಾರಣ, ಒಪ್ಪುತ್ತೇನೆ. ಆದರೆ ಉಳಿದಿರುವ ಇಂಥ ಬೈಕು ಎಷ್ಟು, ಅವು ದಿನಕ್ಕೆ ಓಡುವ ದೂರ ಎಷ್ಟು? ಕನಿಷ್ಠ ಬಂಕಿನಲ್ಲಿ ಇದರಲ್ಲಿ ಎಷ್ಟು ಎಥನಾಲ್ ಇದೆ ಅಂತ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಅಂಟಿಸಲು ಏನು ಕಷ್ಟ?

ಅಲ್ಲಿಯವರೆಗೆ ಮಾಡಬೇಕಾದ್ದು ಇಷ್ಟು. ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿ ಮಾಡಿಸಿ ತೊಳೆಸಿ. ಪೆಟ್ರೋಲ್ ಪೈಪು, ಫ್ಲೋಟಿನ ಸೂಜಿ, ವಾಷರು ಎಥನಾಲ್ ತಡೆಯುವ ಹೊಸ ರಬ್ಬರಿನದು ಹಾಕಿಸಿ, ಖರ್ಚು ಕಡಿಮೆಯೇ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಮತ್ತು ಕಾರ್ಬೊರೇಟರಿನ ಬಟ್ಟಲು ಎರಡನ್ನೂ ಬರಿದು ಮಾಡಿ. ಆಯಿಲ್ ಬೆರೆಸುವಾಗ ಚೌಕಾಸಿ ಬೇಡ. ಮರದ ಕೆಳಗಿನ ಆ ಹಳೇ ಮೆಕ್ಯಾನಿಕ್ ಇನ್ನೂ ಇದ್ದರೆ ಮೇನ್ ಜೆಟ್ಟನ್ನು ಒಂದು ನಂಬರ್ ದೊಡ್ಡದು ಹಾಕಲು ಹೇಳಿ, ಅವನಿಗೆ ಅರ್ಥವಾಗುತ್ತದೆ. ಹತ್ತು ಕಿಲೋಮೀಟರ್ ಓಡಿಸಿ, ಎಂಜಿನ್ ಆಫ್ ಮಾಡಿ ಆರಲು ಬಿಟ್ಟು, ಪ್ಲಗ್ ಬಿಚ್ಚಿ ತುದಿ ನೋಡಿ. ಬೂದಿಯ ಹಾಗೆ ಬಿಳಿ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ, ಇನ್ನೊಂದು ನಂಬರ್ ಏರಿಸಿ. ಮಸಿ ಮೆತ್ತಿದ್ದರೆ ಜಾಸ್ತಿಯಾಗಿದೆ, ಇಳಿಸಿ. ಹುರಿದ ಕಾಫಿಪುಡಿ ಬಣ್ಣ ಬಂದಿದ್ದರೆ ಪ್ಲಗ್ ವಾಪಸ್ ಹಾಕಿ, ಕಿಕ್ ಹೊಡೀರಿ.